ವಂಡೂರಿಗೆ ಒಂದು ಟಿಕೆಟ್

ರಜೆಗೆಂದು ಅಂಡಮಾನಿಗೆ ಹೋಗಿದ್ದೆ. ಪೋರ್ಟ್ ಬ್ಲೇರ್‌ನ ಅಬರ್ಡೀನ್ ಬಜಾರಿನ ಹತ್ತಿರ ಬಸ್ ಹತ್ತಿ, ಹವಳ ನೋಡಲು ವಂಡೂರಿಗೆ ಟಿಕೆಟ್ ತೆಗೆದುಕೊಂಡೆ. ವಂಡೂರು ಇರುವುದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಲ್ಲವೇ? ನಕ್ಷೆ ತೆರೆದರೆ ದಕ್ಷಿಣ ಅಂಡಮಾನಿನಲ್ಲಿ ಮಂಜೇರಿ, ತಿರೂರು, ಕ್ಯಾಲಿಕಟ್ ಕೂಡ ಇವೆ.

1921ರ ಮಾಪಿಳ್ಳೆ ಬಂಡಾಯದಲ್ಲಿ ಶಿಕ್ಷೆಯಾದ ಅನೇಕರನ್ನು ಬ್ರಿಟಿಷರು ಇಲ್ಲಿಗೆ ಸಾಗಿಸಿದರು. ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬಿಟ್ಟರು. ಬಿಟ್ಟುಬಂದ ಊರಿನ ಹೆಸರೇ ನೆಲೆಸಿದ ಜಾಗಕ್ಕೂ ಬಂತು. ಫೆರಾರ್‌ಗಂಜ್ ಇನ್ನೂ ಸೊಗಸು: ಚೀಫ್ ಕಮಿಷನರ್ ಫೆರಾರ್ ಸಾಹೇಬರ ಹೆಸರಿಗೆ ಹಿಂದಿಯ ‘ಗಂಜ್’ ಅಂಟಿಕೊಂಡಿದೆ. ಭಾಷಾಶಾಸ್ತ್ರ ಓದಿದವರಿಗೆ ಇಂಥದ್ದು ಸಿಕ್ಕರೆ ಹವಳ ಮರೆತೇಹೋಗುತ್ತದೆ.

ಹೀಗೆ ಬಂದವರ ಹೆಸರುಗಳೆಲ್ಲ ಸಿಕ್ಕವು. ಮೊದಲೇ ಇದ್ದವರದು?

1858ರ ಮಾರ್ಚಿನಲ್ಲಿ ಜೆ. ಪಿ. ವಾಕರ್ ಸುಮಾರು 200 ಕೈದಿಗಳನ್ನು ತಂದು ಇಳಿಸಿದಾಗ ಈ ತೀರದ ಜನ ಆಡುತ್ತಿದ್ದದ್ದು ಅಕಾ-ಬಿಯಾ. ಮರುವರ್ಷ ಮೇ ತಿಂಗಳಲ್ಲಿ ಅವರು ಇದೇ ಅಬರ್ಡೀನ್‌ನಲ್ಲಿ ಬಿಲ್ಲು ಬಾಣ ಹಿಡಿದು ಬಂದರು. ಅವರ ನಡುವೆ ಒಂದು ವರ್ಷ ಬದುಕಿದ್ದ, ಓಡಿಹೋದ ಕೈದಿ ದೂಧನಾಥ ತಿವಾರಿ ಬ್ರಿಟಿಷರಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದ. ದಾಳಿ ವಿಫಲವಾಯಿತು. ಉಳಿದವರನ್ನು ದಡಾರ, ಸಿಫಿಲಿಸ್ ಕರಗಿಸಿದವು. ಇವತ್ತು ಅಕಾ-ಬಿಯಾ ಆಡುವವರು ಒಬ್ಬರೂ ಇಲ್ಲ. ಇ. ಎಚ್. ಮ್ಯಾನ್, ಪೋರ್ಟ್‌ಮನ್‌ನಂಥ ಅಧಿಕಾರಿಗಳು ಬರೆದಿಟ್ಟ ಪದಗಳಷ್ಟೇ ಉಳಿದಿವೆ.

2024ರಲ್ಲಿ ಪೋರ್ಟ್ ಬ್ಲೇರ್ ‘ಶ್ರೀ ವಿಜಯಪುರಂ’ ಆಯಿತು. ಈ ಹೊಸ ಹೆಸರೂ ಸಂಸ್ಕೃತದ್ದೇ. ವಾಪಸಾಗುವಾಗ ಕಂಡಕ್ಟರ್ ಕೂಗಿದ್ದು ಮಾತ್ರ ‘ಅಬರ್ಡೀನ್, ಅಬರ್ಡೀನ್’ ಅಂತ.