ಊಟದ ಮೇಜಿನ ಮ್ಯಾಲೆ ಹುಟ್ಟಿದ ಕಂಪನಿ



2020ರ ಮಾರ್ಚದಾಗ ಲಾಕ್‌ಡೌನ್ ಆತಲ್ಲ, ಆವಾಗಿಂದ "ವರ್ಕ್ ಫ್ರಮ್ ಹೋಮ್" ಅನ್ನೋ ಮಾತು ನಮ್ಮೆಲ್ಲಾರ ಮನ್ಯಾಗೂ ಬಂದು ಕುಂತದ. ಮಗಳೋ ಸೊಸಿಯೋ ಲ್ಯಾಪ್‌ಟಾಪ್ ಮುಂದ ಕೂತ್ರ, "ಮನ್ಯಾಗ ಇದ್ದಾಳಲ್ಲ, ಆರಾಮ ಅದಾಳ" ಅಂದುಬಿಡ್ತೀವಿ. ಖರೇನ ಆರಾಮ ಅದಾಳೇನು? ಇದನ್ನ ತಿಳ್ಕೊಬೇಕಂದ್ರ ಈ ಪದ್ಧತಿ ಎಲ್ಲಿಂದ ಬಂತು ಅನ್ನೋದನ್ನ ನೋಡಬೇಕು. ಇದು ಕರೋನಾದಾಗ ಹುಟ್ಟಿದ್ದಲ್ಲ. ಅರವತ್ತು ವರ್ಷದ ಹಿಂದನ ಇಂಗ್ಲೆಂಡಿನಾಗ ಒಬ್ಬ ಹೆಣ್ಣುಮಗಳು ಇದರ ಮ್ಯಾಲೆನ ಒಂದು ಕಂಪನಿ ಕಟ್ಟಿದ್ರು.

ಅವರ ಹೆಸರು ಸ್ಟೆಫನಿ ಶರ್ಲಿ. ಹುಟ್ಟಿದ್ದು 1933ರಾಗ, ಜರ್ಮನಿಯ ಡಾರ್ಟ್‌ಮುಂಡ್ ಊರಾಗ. ತಂದಿ ಯಹೂದಿ. ಹಿಟ್ಲರನ ಕಾಟಕ್ಕ ಅಂಜಿ 1939ರಾಗ ಐದು ವರ್ಷದ ಈ ಕೂಸನ್ನ ಒಂಬತ್ತು ವರ್ಷದ ಅಕ್ಕನ ಜೋಡಿ ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದ್ರು. ಅಲ್ಲೆ ಬ್ಯಾರೆಯವರ ಮನ್ಯಾಗ ಬೆಳೆದು, ಮುಂದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಾಗ ನೌಕರಿ ಮಾಡ್ತ, ಸಂಜಿ ಕ್ಲಾಸಿಗೆ ಹೋಗಿ ಗಣಿತದಾಗ ಡಿಗ್ರಿ ತಗೊಂಡ್ರು.

ಆ ಕಾಲಕ್ಕ ಅಲ್ಲೂ ಮದುವಿ ಆಗಿ ಕೂಸು ಹುಟ್ಟಿತು ಅಂದ್ರ ಓದಿದ ಹೆಣ್ಣುಮಕ್ಕಳು ನೌಕರಿ ಬಿಡೂದು ರೂಢಿ. 1962ರಾಗ ಶರ್ಲಿಯವರು ಬರೇ 6 ಪೌಂಡ್ ಬಂಡವಾಳ ಹಾಕಿ, ತಮ್ಮ ಊಟದ ಮೇಜಿನ ಮ್ಯಾಲೆ "ಫ್ರೀಲಾನ್ಸ್ ಪ್ರೋಗ್ರಾಮರ್ಸ್" ಅಂತ ಕಂಪನಿ ಶುರು ಮಾಡಿದ್ರು. ಹಂಗ ನೌಕರಿ ಬಿಟ್ಟು ಮನ್ಯಾಗ ಕುಂತವರನ್ನೇ ಹುಡುಕಿ ಕೆಲಸ ಕೊಟ್ಟರು. ಆಗ ಮನಿಮನಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕ್ರಿ? ಪೆನ್ಸಿಲ್ ಹಿಡಿದು ಹಾಳಿ ಮ್ಯಾಲೆ ಪ್ರೋಗ್ರಾಮ್ ಬರೆದು ಕಳಸೂದು. ಕೂಸು ಮಲಗಿದಾಗ ಬರಿ, ಜ್ವರ ಬಂದ್ರ ನಾಳೆ ಬರಿ. ಎಷ್ಟೊತ್ತಿಗೆ ಕುಂತ್ರಿ ಅಂತ ಯಾರೂ ಕೇಳ್ತಿದ್ದಿಲ್ಲ, ಕೆಲಸ ಮುಗಿದಿರಬೇಕು ಅಷ್ಟ.

ಮೊದಲಿನ 300 ಮಂದಿಯೊಳಗ 297 ಹೆಣ್ಣುಮಕ್ಕಳೇ ಇದ್ರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮ್ ಬರೆದವರು ಹಿಂಗ ಮನ್ಯಾಗ ಕುಂತ ತಾಯಂದಿರು! ಆದ್ರ ಹೆಂಗಸಿನ ಹೆಸರಿಂದ ಪತ್ರ ಬರೆದ್ರ ಉತ್ತರ ಬರ್ತಿದ್ದಿಲ್ಲಂತ, ಅದಕ್ಕ "ಸ್ಟೀವ್" ಅಂತ ಗಂಡಸಿನ ಹೆಸರಿಲೆ ಸಹಿ ಹಾಕಿದ್ರು. ಫೋನ್ ಬಂದಾಗ ಮಕ್ಕಳ ಗದ್ದಲ ಕೇಳಬಾರದು ಅಂತ ಟೈಪ್ ಮಾಡೋ ಸಪ್ಪಳದ ಟೇಪ್ ಹಚ್ಚತಿದ್ರು. ಈಗ ನಮ್ಮ ಹುಡುಗ್ಯಾರು ಮೀಟಿಂಗ್ ಒಳಗ ಕುಕ್ಕರ್ ಸೀಟಿ ಹೊಡೀತಂದ್ರ ಗಡಬಡಿಸಿ ಮ್ಯೂಟ್ ಒತ್ತತಾರಲ್ಲ, ಇದು ಅದರ ಅಜ್ಜಿ ನೋಡ್ರಿ.

ಆದ್ರ ಕಥಿಗೆ ಇನ್ನೊಂದು ಮುಖ ಅದ. 1963ರಾಗ ಅವರಿಗೆ ಜೈಲ್ಸ್ ಅಂತ ಮಗ ಹುಟ್ಟಿದ. ಎರಡೂವರಿ ವರ್ಷದ ಸುಮಾರಿಗೆ ಆಡ್ತಿದ್ದ ನಾಲ್ಕು ಮಾತೂ ಹೋದವು. ತೀವ್ರ ಆಟಿಸಂ, ಮುಂದ ಮೂರ್ಛಿ ರೋಗನೂ ಬಂತು. ಕಂಪನಿ ಸ್ವಂತದ್ದು, ಹೊತ್ತು ಸ್ವಂತದ್ದು. ಬಿಡುವು ಕೊಡ್ರಿ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಷ್ಟಿದ್ರೂ ಮಗನ ಆರೈಕಿ, ಕಂಪನಿ ಎರಡನ್ನೂ ಹೊತ್ತು ಹೊತ್ತು ಕಡೀಕ ಅವರ ಮನಸ್ಸೇ ಕುಸಿದು ಆಸ್ಪತ್ರಿ ಸೇರಬೇಕಾತು. ಮಗನೂ ಅನೇಕ ವರ್ಷ ಆಸ್ಪತ್ರ್ಯಾಗ ಇದ್ದ. ಮುಂದ ಅಂಥ ಮಕ್ಕಳಿಗೆ ಅಂತ ಒಂದು ಮನಿ ಮಾಡಿ, ಮಗನನ್ನೇ ಮೊದಲು ಅಲ್ಲೆ ಇಟ್ಟರು. 1998ರಾಗ, 35ನೇ ವಯಸ್ಸಿಗೆ ಅವ ತೀರಿಕೊಂಡ. ಶರ್ಲಿಯವರು ಗಳಿಸಿದ್ರಾಗ ಭಾಳಷ್ಟು ರೊಕ್ಕ ಆಟಿಸಂ ಕೆಲಸಕ್ಕೇ ದಾನ ಮಾಡಿ, 2025ರ ಆಗಸ್ಟ್‌ನಾಗ 91ನೇ ವಯಸ್ಸಿಗೆ ಹೋದರು.

ಇದರಾಗ ನನಗ ತಿಳಿದದ್ದು ಇಷ್ಟ. ಹೊತ್ತು ನಮ್ಮ ಕೈಯಾಗ ಇದ್ರ ಕೂಸಿಗೂ ಒಳ್ಳೇದು, ತಾಯಿಗೂ ಒಳ್ಳೇದು. ಆದ್ರ ಹೊತ್ತೊಂದ ಸಿಕ್ಕರ ಸಾಲೂದಿಲ್ಲ, ಜೋಡಿ ಕೈ ಹಚ್ಚವರೂ ಬೇಕು. ಇಲ್ಲಾಂದ್ರ ಆಫೀಸು, ಮನಿ ಎರಡೂ ಒಂದೇ ಬೆನ್ನಿನ ಮ್ಯಾಲೆ ಬೀಳ್ತಾವ.

ಮನ್ಯಾಗ ಕುಂತು ಮಾಡೋ ಕೆಲಸ ಇಂಗ್ಲೆಂಡಿನ ಕಥಿ ಆತು. ಆಫೀಸಿಗೇ ಹೋಗೋರಿಗೆ ಹೊತ್ತು ಆರಿಸ್ಕೊಳ್ಳೋ ಪದ್ಧತಿ ಹೆಸರಾದದ್ದು ಜರ್ಮನಿಯಿಂದ. 1967ರಾಗ ಮ್ಯೂನಿಕ್ ಹತ್ರ ಒಟೊಬ್ರುನ್ ಅನ್ನೋ ಊರಿನ ವಿಮಾನ ಕಂಪನ್ಯಾಗ ಅದನ್ನ ಶುರು ಮಾಡಿದ್ರು. ದಿನಾ ಮುಂಜಾನೆ ಎಲ್ಲಾರೂ ಒಂದೇ ಹೊತ್ತಿಗೆ ಬಂದು ದಾರಿ ಕಟ್ಟತಿತ್ತಂತ. ಕ್ರಿಸ್ಟೆಲ್ ಕ್ಯಾಮರರ್ ಅನ್ನೋ ಅರ್ಥಶಾಸ್ತ್ರಜ್ಞೆ ಇದಕ್ಕ ದಾರಿ ತೋರಿಸಿದ್ರು: ದಿನದ ನಡುವಿನ ಕೆಲವು ತಾಸು ಎಲ್ಲಾರೂ ಇರಬೇಕು, ಬರೂದು ಹೋಗೂದು ಅವರವರ ಅನುಕೂಲಕ್ಕ. ಇದನ್ನೂ ವಿಚಾರ ಮಾಡಿದಾಕಿ ಒಬ್ಬ ಹೆಂಗಸೇ, ನೋಡ್ರಿ.

ನಮ್ಮ ದೇಶದಾಗ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಬಂದು, ಮೊದಲೆರಡು ಮಕ್ಕಳ ಬಾಣಂತನಕ್ಕ 26 ವಾರ ಸಂಬಳ ಸಹಿತ ರಜಾ ಆತು. ಕೆಲಸ ಮನಿಯಿಂದ ಮಾಡೋಹಂಗ ಇದ್ರ, ರಜಾ ಮುಗಿದ ಮ್ಯಾಲೆ ಮಾಲಕರ ಜೋಡಿ ಮಾತಾಡಿ ಹಂಗ ಮಾಡಬಹುದು ಅಂತನೂ ಕಾಯ್ದೆದಾಗ ಬರೆದದ. 50 ಅಥವಾ ಹೆಚ್ಚು ಮಂದಿ ಇದ್ದಲ್ಲೆ ಕೂಸಿನ ಮನಿ ಇಡಬೇಕು. ಬಾಣಂತಿ ಇದ್ದ ಮನ್ಯಾಗ ಇದು ಗೊತ್ತಿರಲಿ.

ಆದ್ರ ಮನಿಯೊಳಗಿನ ಲೆಕ್ಕ ಕಾಯ್ದೆ ಬದಲ ಮಾಡೂದಿಲ್ಲ. 2019ರ ಸರಕಾರಿ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳ ಇಲ್ಲದ ಮನಿಗೆಲಸಕ್ಕ ಅದನ್ನ ಮಾಡೋ ಹೆಣ್ಣುಮಕ್ಕಳು ದಿನಕ್ಕ ಸರಾಸರಿ 299 ನಿಮಿಷ ಕೊಡ್ತಾರ, ಗಂಡಸರು 97 ನಿಮಿಷ. ಐದು ತಾಸು ಒಂದು ಕಡೆ, ಒಂದೂವರಿ ತಾಸು ಒಂದು ಕಡೆ! ಇನ್ನ ವಾರಕ್ಕ 55 ತಾಸು, ಅದಕ್ಕೂ ಮ್ಯಾಲೆ ದುಡಿಯೋರಿಗೆ ಪಾರ್ಶ್ವವಾಯು ಹೊಡಿಯೋ ಅಪಾಯ ಸುಮಾರು ಶೇಕಡಾ 35 ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೇಳ್ಯದ. ಅದು ನೌಕರಿ ತಾಸಿನ ಲೆಕ್ಕ, ರೊಟ್ಟಿ ಬಡಿಯೋ ತಾಸು ಅದರಾಗ ಇಲ್ಲ.

ಅದಕ್ಕ ಅತ್ತಿ ಅನ್ನಿಸಿಕೊಂಡವರು, ತಾಯಿ ಅನ್ನಿಸಿಕೊಂಡವರು ಒಂದು ಮಾತು ನೆನಪಿಡೋಣು. ಲ್ಯಾಪ್‌ಟಾಪ್ ಮುಂದ ಕುಂತ ಹುಡುಗಿ ಕೆಲಸದಾಗ ಅದಾಳ. ಆ ಹೊತ್ತಿನಾಗ "ಹಾಲು ಉಕ್ಕತದ, ನೋಡು" ಅಂತ ಅಕಿನ್ನ ಕರೀಬ್ಯಾಡ್ರಿ. ಪೇಪರ್ ಓದಕೋತ ಕುಂತ ಗಂಡಸರನ್ನ ಕರೀರಿ.