ಅಡ್ಯಾರಿನ ಅಮೆರಿಕನ್ ಅಧ್ಯಕ್ಷರ ಡೈರಿ

ಅಮೆರಿಕನ್ ಅಧ್ಯಕ್ಷರು ಅಂದ್ರೆ ಶ್ವೇತಭವನವೇ ಆಗ್ಬೇಕಿಲ್ಲ. ನಾನಿರೋ ಬೆಸೆಂಟ್ ನಗರದ ಪಕ್ಕ, ಅಡ್ಯಾರಿನಲ್ಲೂ ಒಬ್ಬರಿದ್ರು: ಥಿಯೊಸಾಫಿಕಲ್ ಸೊಸೈಟಿಯ ಮೊದಲ ಅಧ್ಯಕ್ಷ, ನ್ಯೂಜೆರ್ಸಿಯಲ್ಲಿ ಹುಟ್ಟಿದ ಕರ್ನಲ್ ಹೆನ್ರಿ ಆಲ್ಕಾಟ್. 1875ರಿಂದ 1907ರಲ್ಲಿ ತೀರಿಕೊಳ್ಳೋವರೆಗೂ ಅಧ್ಯಕ್ಷಗಿರಿ ಅವರದೇ. ಲಿಂಕನ್ ಹತ್ಯೆಯ ತನಿಖೆಯಲ್ಲಿ ಕೆಲಸ ಮಾಡಿದ್ದವರು. ಬರೆದಿಡೋ ಅಭ್ಯಾಸ ಅಲ್ಲಿಂದ್ಲೇ ಬಂತೇನೋ! ದಿನಚರಿಗಳನ್ನ ಆಧರಿಸಿ ‘ಓಲ್ಡ್ ಡೈರಿ ಲೀವ್ಸ್’ ಬರೆದರು. ಆದ್ರೆ 1878ಕ್ಕಿಂತ ಹಿಂದಿನ ಕತೆ ಹೇಳೋ ಮೊದಲ ಸಂಪುಟ ಬಹುಪಾಲು ನೆನಪಿನಿಂದ ಬರೆದದ್ದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಲಾಗ್ ಇಲ್ಲದ ವರದಿ. ಅದನ್ನ ನಾನು ಎಚ್ಚರದಿಂದಲೇ ಓದ್ತೀನಿ.

1894ರಲ್ಲಿ ಅವರು ದಲಿತ ಮಕ್ಕಳಿಗೆ ಉಚಿತ ಶಾಲೆ ತೆರೆದರು. ಆಲ್ಕಾಟ್ ಸ್ಮಾರಕ ಶಾಲೆ ಇವತ್ತೂ ಬೆಸೆಂಟ್ ನಗರದಲ್ಲಿದೆ. ಡೈರಿಯಲ್ಲಿ ಸಿಗೋದು ಶಾಲೆ ತೆರೆದವರ ಮಾತು. ಅಲ್ಲಿ ಕೂತು ಕಲಿತವರದು ಬೇಕಂದ್ರೆ, ಅಜ್ಜ-ಅಜ್ಜಿ ಹೇಳಿದ್ದನ್ನ ಮೊಮ್ಮಕ್ಕಳ ಬಾಯಿಂದ ಕೇಳಿ ರೆಕಾರ್ಡ್ ಮಾಡ್ಕೋಬೇಕು, ಈಗಲೇ.