ನೀರುಗಂಟಿ ಬಲ್ಲ ಆಳ

ಬೂವನಹಳ್ಳಿಯಂಥ ಹಾಸನ ಸೀಮೆಯ ಊರುಗಳಲ್ಲಿ ಈಜು ಕಲಿಸುತ್ತಿದ್ದುದು ಕೆರೆ, ಬಾವಿಗಳೇ. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ ಹುಡುಗರನ್ನು ನೀರಿಗಿಳಿಸುತ್ತಿದ್ದರು.

ಆದರೆ ಬುರುಡೆಗಿಂತ ಹೆಚ್ಚಾಗಿ ಕಾಯುತ್ತಿದ್ದುದು ಕೆರೆಯ ತಿಳಿವಳಿಕೆ. ನೀರು ಬಂದು ಸೇರುವ ಅಂಗಳದ ಕಡೆ ಕೆರೆ ಮೆಲ್ಲಗೆ ಆಳವಾಗುತ್ತದೆ. ಏರಿಯ ಬುಡದಲ್ಲಿ ಆಳ ಹೆಚ್ಚು. ತೂಬು ಇರುವುದೂ ಅಲ್ಲೇ. ಅದು ತೆರೆದಿದ್ದಾಗ ಮೇಲೆ ನೀರು ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ. ಕೋಡಿ ಹರಿಯುವಾಗ ಅದರ ಹತ್ತಿರ ಹರಿಗೋಲು ಒಯ್ಯುವುದೂ ಅಷ್ಟೇ ಅಪಾಯ. ಇದೆಲ್ಲ ನೀರುಗಂಟಿಗೆ ಗೊತ್ತಿತ್ತು. ಗದ್ದೆಗೆ ನೀರು ಹಂಚುವುದು ಅವನ ಕೆಲಸ; ತೂಬಿನ ಬಳಿ ಸುಳಿದ ಹುಡುಗರನ್ನು ಗದರಿಸುವುದು ಸಂಬಳವಿಲ್ಲದ ಕೆಲಸ!

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಕೆರೆ ಕಟ್ಟಿಸಿದವರ ಹೆಸರುಗಳಿವೆ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಗೆ ಕೆರೆಗೊಡಗೆ ಎನ್ನುತ್ತಿದ್ದರು. ಹೂಳನ್ನು ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದ ಕಾಲದಲ್ಲಿ ತಳದ ಇಳಿಜಾರು ಅಷ್ಟಾಗಿ ಕೆಡುತ್ತಿರಲಿಲ್ಲ. ಈಗ ಮಣ್ಣಿಗಾಗಿ ಯಂತ್ರಗಳು ಕಡಿದಾದ ಗುಂಡಿ ತೋಡುತ್ತವೆ. ಮಳೆಗೆ ಕೆರೆ ತುಂಬಿತೆಂದರೆ ಗುಂಡಿ ಕಾಣದು. ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದ. ತಾತ ಈಜಿದ ಜಾಗವೆಂಬ ಧೈರ್ಯ ಇಲ್ಲಿ ನಡೆಯದು. ಬೇಸಿಗೆಯಲ್ಲಿ ಮಣ್ಣು ತೆಗೆದದ್ದು ಎಲ್ಲೆಂದು ಊರವರನ್ನು ಕೇಳಿಯೇ ಇಳಿಯಬೇಕು. ಹರಿಗೋಲು ಹತ್ತುವವರು, ಈಜು ಬಲ್ಲವರಾದರೂ, ಲೈಫ್ ಜಾಕೆಟ್ ತೊಡಬೇಕು.